ಭಾನುವಾರದ ರಾಹುಕಾಲ

ಹೊಸ ಕಾರು ಬೇಡ ಎನ್ನಲು ವರದರಾಜನ ಬಳಿಯಿದ್ದ ಕಾರಣಗಳೆಲ್ಲ ಒಂದೊಂದಾಗಿ ಖಾಲಿಯಾಗಿದ್ದವು. ಗೇಟು ಸಾಲದು ಎಂದಿದ್ದ. ಮಗಳು ಸುಪ್ರಜಾ ಟೇಪು ಹಿಡಿದು ಅಳೆದು, ಎರಡೂ ಕಡೆ ನಾಲ್ಕು ಬೆರಳು ಮಿಕ್ಕುತ್ತದೆ ಎಂದು ತೋರಿಸಿದಳು. ಅಷ್ಟು ಎತ್ತರದ ಗಾಡಿಗೆ ನಿಮ್ಮಮ್ಮ ಹೇಗೆ ಹತ್ತುತ್ತಾರೆ ಎಂದು ಹೆಂಡತಿಯನ್ನು ಕೇಳಿದ.

"ಬಗ್ಗಿ ಕೂರೋದೇ ಅಮ್ಮಂಗೆ ಕಷ್ಟ ರೀ. ಎತ್ತರ ಇದ್ರೇನೇ ವಾಸಿ," ಎಂದಳು ಗೋದಾ. ಆಮೇಲೆ ಮಗಳ ಕಡೆ ತಿರುಗಿ, "ನಿಮ್ಮಪ್ಪ ಛತ್ರಿ ತಗೊಳೋಕೇ ಎರಡು ಮಳೆಗಾಲ ಯೋಚನೆ ಮಾಡಿದೋರು ಕಣೇ," ಎಂದು ನಕ್ಕಳು.

ನಿಜವಾದ ಕಾರಣ ಅವನ ಕಾಲಲ್ಲಿತ್ತು. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಹೋದ ವರ್ಷದಿಂದ ಅಂಗಾಲು ಅವನದಲ್ಲವೇನೋ ಎನ್ನುವಂತಾಗಿತ್ತು. ನೆಲ ಹತ್ತಿಯ ಹಾಗೆ. ಒಮ್ಮೆ ಚಪ್ಪಲಿ ಜಾರಿಹೋದದ್ದು ತಿಳಿಯದೆ ಅರ್ಧ ಬೀದಿ ನಡೆದಿದ್ದ. ಜನವರಿಯಲ್ಲಿ, ಗಾಂಧಿ ಬಜಾರಿನಲ್ಲಿ, ಹಳೆಯ ಕಾರನ್ನು ನಿಲ್ಲಿಸಲೆಂದು ಬ್ರೇಕು ಒತ್ತಿದ. ಒತ್ತಿದ್ದು ಆಕ್ಸಿಲರೇಟರು. ಕಾರು ಎಗರಿ ಹೂವಿನ ದ್ರೌಪದಮ್ಮನ ಬುಟ್ಟಿಯ ಮೇಲೆ ಹತ್ತಿ ನಿಂತಿತು. ಚಕ್ರಕ್ಕೂ ಅವಳ ಮೊಣಕಾಲಿಗೂ ನಡುವೆ ಒಂದು ಗೇಣು.

"ಬುಟ್ಟಿ ಹೋದ್ರೆ ಹೋಗ್ಲಿ ಬುಡಿ ಸ್ವಾಮಿ. ನಿಮ್ಗೇನೂ ಆಗಿಲ್ಲ ತಾನೆ?" ಎಂದು ಅವಳೇ ಎದ್ದು ಬಂದು ವಿಚಾರಿಸಿದ್ದಳು.

ಮನೆಯಲ್ಲಿ ಹೇಳಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಊಟಕ್ಕೆ ಕೂರುವ ಹೊತ್ತಾಗಿರುತ್ತಿತ್ತು, ಇಲ್ಲವೇ ಯಾರೋ ನಗುತ್ತಿರುತ್ತಿದ್ದರು. ಅಂದಿನಿಂದ ಪಾದವನ್ನು ನೋಡಿಕೊಂಡೇ ಪೆಡಲು ಒತ್ತುತ್ತಿದ್ದ. ಪಾದ ನೋಡುವಾಗ ರಸ್ತೆ ಕಾಣುತ್ತಿರಲಿಲ್ಲ. ಈಗ ಇಡೀ ಮನೆಯನ್ನು ಕೂರಿಸಿಕೊಂಡು ಮೇಲುಕೋಟೆಯ ಬೆಟ್ಟ ಹತ್ತಿಸಬೇಕೆಂದು ಗೋದಾಳ ಆಸೆ.

ಏಪ್ರಿಲ್ ತಿಂಗಳ ಒಂದು ಭಾನುವಾರ ಷೋರೂಮಿನ ದೀಪಕ್ ಗಾಡಿಯನ್ನು ಮನೆಗೇ ತಂದ. ಸಂಜೆ ಬರುತ್ತೇನೆ ಎಂದವನಿಗೆ, "ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಕಣಪ್ಪಾ, ಮಧ್ಯಾಹ್ನಾನೇ ಬಾ," ಎಂದು ಗೋದಾಳೇ ಫೋನಿನಲ್ಲಿ ಹೇಳಿದ್ದಳು. ವಾರದ ಏಳು ದಿನದ ರಾಹುಕಾಲವೂ ಅವಳಿಗೆ ಬಾಯಿಪಾಠ. ಆ ಹೊತ್ತಿನಲ್ಲಿ ಅವಳು ಹೊಸಿಲು ದಾಟಿದ್ದನ್ನು ವರದರಾಜ ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

"ಇದೇನಪ್ಪಾ, ಕಾರೋ ಜೀಪೋ?"

"ಎರಡೂ ಹೌದು ಮೇಡಂ. ಕ್ರಾಸೋವರ್ ಅಂತಾರೆ. ಊರೊಳಗೆ ಕಾರು, ಘಾಟಿಲಿ ಜೀಪು."

"ನಮ್ಮನೆಯವರ ಹಾಗೆ ಅನ್ನು. ಮನೇಲಿ ಹುಲಿ, ಬೀದೀಲಿ ಇಲಿ."

ಸುಪ್ರಜಾ ಕಿಸಕ್ಕನೆ ನಕ್ಕಳು. ದೀಪಕ್ ಬೀಗದ ಕೈಯನ್ನು ವರದರಾಜನ ಮುಂದೆ ಹಿಡಿದ. "ಬನ್ನಿ ಸಾರ್, ಒಂದ್ ರೌಂಡ್ ನೀವೇ ಓಡ್ಸಿ. ಎಲ್ರೂ ಕೂತ್ಕೊಳ್ಳಿ."

ವರದರಾಜ ಬೀಗದ ಕೈ ತೆಗೆದುಕೊಳ್ಳಲಿಲ್ಲ. ಸ್ಟೆಪ್ನಿ ಎಲ್ಲಿದೆ ಎಂದು ಕೇಳಿದ. ಮೈಲೇಜು ಕೇಳಿದ.

"ಹೊಸ ಗಾಡಿ, ಚಪ್ಪಲಿ ಬಿಟ್ಟು ಹತ್ತಿ," ಎಂದಳು ಗೋದಾ.

ಎಲ್ಲರೂ ಚಪ್ಪಲಿ ಬಿಟ್ಟರು. ಗೇಟಿನ ಮುಂದೆ, ಚರಂಡಿಯ ಮೇಲೆ, ಕಾರು ದಾಟಲೆಂದು ಹಾಸಿದ್ದ ಕಬ್ಬಿಣದ ದಪ್ಪ ತಗಡಿತ್ತು. ಬಿಸಿಲು ಅದರ ಮೇಲೆ ಬೆಳಗಿನಿಂದ ಕೂತಿತ್ತು. ಸುಪ್ರಜಾ "ಅಯ್ಯಯ್ಯಪ್ಪಾ!" ಎಂದು ಎರಡೇ ನೆಗೆತಕ್ಕೆ ದಾಟಿ ಹಿಂದಿನ ಸೀಟಿಗೆ ಬಿದ್ದಳು. ಗೋದಾ ತುದಿಗಾಲಿಟ್ಟವಳೇ ಹಿಂದಕ್ಕೆ ಹಾರಿ ನೆರಳಿಗೆ ಬಂದಳು. ವರದರಾಜ ತಗಡಿನ ನಡುವೆ ನಿಂತು, ಸರ್ವೀಸು ಎಷ್ಟು ತಿಂಗಳಿಗೊಮ್ಮೆ ಎಂದು ದೀಪಕ್‌ನನ್ನು ವಿಚಾರಿಸುತ್ತಿದ್ದ. ಮಾತು ಬೆಳೆದಷ್ಟೂ ಆ ಸೀಟು ದೂರವಿರುತ್ತದೆ ಎಂದು ಅವನ ಲೆಕ್ಕ.

ಗೋದಾಳ ಸದ್ದಿಲ್ಲ ಎಂದು ತಿರುಗಿ ನೋಡಿದ. ಅವಳು ಅವನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ತಗಡಿನ ಮೇಲೆ, ಅವನ ಪಾದಗಳ ಮೇಲೆ ಇತ್ತು. ಅವನೂ ಬಗ್ಗಿ ನೋಡಿಕೊಂಡ. ಆಗ ತಿಳಿಯಿತು.

"ಇವತ್ತು ಬೇಡಪ್ಪಾ," ಎಂದಳು ಗೋದಾ. ದನಿ ಬೇರೆಯಾಗಿತ್ತು. "ಈಗ ರಾಹುಕಾಲ."

"ಮೇಡಂ, ನಾಲ್ಕೂವರೆಗೆ ಅಂದಿದ್ರಲ್ಲ?"

"ತಪ್ಪು ಹೇಳ್ಬಿಟ್ಟೆ. ಹೋಗ್ಬಾಪ್ಪ, ಇನ್ನೊಂದಿನ ನೋಡೋಣ."

ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಸುಪ್ರಜಾ ಮುಖ ಊದಿಸಿಕೊಂಡು ಒಳಗೆ ಹೋದಳು. ಗೋದಾ ಏನೂ ಕೇಳಲಿಲ್ಲ. ನಡುಮನೆಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ತಂಬಿಗೆಯಲ್ಲಿ ತಣ್ಣೀರು ತಂದು, ನೆಲದಲ್ಲಿ ಕೂತು ಪಾದ ಎತ್ತಿ ನೋಡಿದಳು. ಅಂಗಾಲು ಕೆಂಪಗಾಗಿ, ಹೆಬ್ಬೆರಳ ಬುಡದಲ್ಲಿ ನೀರುಗುಳ್ಳೆ ಏಳುತ್ತಿತ್ತು. ಅವಳು ನೀರು ಸುರಿದಳು. ಅದು ತಣ್ಣಗಿದೆಯೆಂದು ಅವನಿಗೆ ಗೊತ್ತಾದದ್ದು ತಂಬಿಗೆಯ ಹೊರಗೆ ಕಟ್ಟಿದ ಹನಿಗಳಿಂದ.

ಗೋಡೆ ಗಡಿಯಾರ ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ಅವಳು ಕೇಳಿದ್ದರೆ ಅವನು ಸುಳ್ಳು ಹೇಳಿಬಿಡುತ್ತಿದ್ದನೇನೋ. ಕೇಳಲಿಲ್ಲವಾದ್ದರಿಂದ ತಾನಾಗಿಯೇ ಹೇಳಬೇಕಾಯಿತು. ದ್ರೌಪದಮ್ಮನ ಬುಟ್ಟಿಯಿಂದ ಶುರುಮಾಡಿದ. ಆ ಒಂದು ಗೇಣನ್ನು ಕೈಯಲ್ಲೇ ಅಳೆದು ತೋರಿಸಿದ.

"ನಾನಿನ್ನು ಓಡ್ಸಲ್ಲ, ಗೋದಾ. ಹಳೇದನ್ನೂ ಓಡ್ಸಲ್ಲ."

ಬಾಗಿಲಲ್ಲಿ ಸುಪ್ರಜಾ ನಿಂತಿದ್ದಳು. ಯಾವಾಗಿನಿಂದಲೋ. "ಅಪ್ಪಾ, ಅದರಲ್ಲಿ ನನ್ನನ್ನ ಕಾಲೇಜಿಗೆ ಬಿಡ್ತಿದ್ರಲ್ಲ. ಮೊನ್ನೆವರೆಗೂ," ಎಂದಳು. ಅಷ್ಟೇ.

ಗೋದಾ ಎದ್ದು ಸೀರೆ ಬದಲಿಸಿ ಬಂದಳು. ಮಗಳನ್ನು ಆಟೋ ಕರೆಯಲು ಕಳಿಸಿದಳು. ಹನುಮಂತನಗರದ ಡಾಕ್ಟರು ಭಾನುವಾರವೂ ಮನೆಯಲ್ಲಿ ನೋಡುತ್ತಾರೆ.

ವರದರಾಜ ಗಡಿಯಾರದ ಕಡೆ ನೋಡಿದ. ನಾಲ್ಕೂವರೆ ದಾಟಿತ್ತು.

"ರಾಹುಕಾಲ ಕಣೇ. ನಿಜವಾದ್ದು."

"ಗೊತ್ತು," ಎಂದಳು ಗೋದಾ. "ನೋಡ್ಕೊಂಡು ಕಾಲಿಡಿ." ಅವನ ತೋಳು ಹಿಡಿದು ಹೊಸಿಲು ದಾಟಿದಳು.