ನಿಮ್ಮ ಮನೆ

ಒಲೆಯಿಂದ ಕಾಫಿ ಪಾತ್ರೆ ಇಳಿಸುತ್ತಿದ್ದ ಯೆಸೇನಿಯಾಳ ಕೈಯಿಂದ ಪಕ್ಕದ ಮನೆಯ ಅನ್ಸೆಲ್ಮೊ ಅದನ್ನು ಕಸಿದುಕೊಂಡ. "ನೀನು ಹೋಗಿ ಅಮ್ಮನ ಹತ್ರ ಕೂತ್ಕೊ, ಮಗಳೇ. ಇನ್ನೇನು ಗಾಡಿ ಹೊರಡುತ್ತೆ."

ನಡುಮನೆಯಲ್ಲಿ ಅಮ್ಮ ಒಬ್ದೂಲಿಯಾಳ ಶವಪೆಟ್ಟಿಗೆ ಇತ್ತು. ಫ್ರೆಸ್ನೊ ಪಟ್ಟಣದಾಚೆಯ ಶೆಡ್ಡಿನಲ್ಲಿ ಅವಳ ಜೊತೆ ಪೀಚ್ ಹಣ್ಣು ಆರಿಸುತ್ತಿದ್ದ ಹೆಂಗಸರು ಜಪಸರದ ಪ್ರಾರ್ಥನೆ ಮುಗಿಸಿ ಸಿಹಿ ಬನ್ನು ಮುರಿಯುತ್ತಿದ್ದರು. ಅಡುಗೆಮನೆಯಲ್ಲಿ ಮಾತ್ರ ಚುನಾವಣೆಯ ವಾದ ನಡೆದಿತ್ತು.

"ನಿಮ್ಮ ಪಕ್ಷದವರು ಕೋರ್ಟಿಗೆ ಹೋಗ್ದೇ ಇದ್ದಿದ್ರೆ ನಿಮ್ಮಮ್ಮನಿಗೆ ಆವತ್ತೇ ಇಲ್ಲಿರೋಕೆ ಕಾಗದ ಸಿಗ್ತಿತ್ತು ಕಣೋ," ಎಂದ ಅನ್ಸೆಲ್ಮೊ.

ಯೆಸೇನಿಯಾಳ ತಮ್ಮ ರೂಬೆನ್ ಟೈ ಸಡಿಲಿಸಿದ. ಈ ದೇಶದಲ್ಲಿ ಹುಟ್ಟಿ ಮತ ಹಾಕುವವನು ಆ ಮನೆಯಲ್ಲಿ ಅವನೊಬ್ಬನೇ; ಹಾಕುತ್ತಿದ್ದದ್ದು ರಿಪಬ್ಲಿಕನ್ನರಿಗೆ. "ನಿಮ್ಮ ಡೆಮಾಕ್ರಟ್ ಅಧ್ಯಕ್ಷರು ಕಾನೂನು ಮಾಡೋಕಾಗ್ದೆ ಆದೇಶ ಬರೆದ್ರು, ಮಾಮ. ಆದೇಶ ಅಂದ್ರೆ ಪೆನ್ಸಿಲಲ್ಲಿ ಬರೆದ ಹಾಗೆ. ಮುಂದಿನವನು ಬಂದು ಅಳಿಸ್ತಾನೆ."

"ಇಬ್ಬರೂ ಸೇರಿ ಲೋಟ ತೊಳೀರಿ," ಎಂದಳು ಯೆಸೇನಿಯಾ. "ಅದಕ್ಕೆ ಯಾವ ಪಕ್ಷದ್ದೂ ತಕರಾರಿಲ್ಲ."

ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ಕೂತಿರುತ್ತಿದ್ದ ಸಿಸ್ಟರ್ ಬರ್ನಡೆಟ್ ಅವಳ ಭುಜ ಮುಟ್ಟಿದರು. ಐರಿಷ್ ಮೂಲದ ಮುದುಕಿ ಸನ್ಯಾಸಿನಿ; ಸ್ಪ್ಯಾನಿಷ್ ಅನ್ನು ಪುಸ್ತಕ ಓದಿ ಕಲಿತವರು. ಅಮ್ಮನನ್ನು ಹೂಳಲು ತಮ್ಮ ಕಾನ್ವೆಂಟಿನ ಸಮಾಧಿಭೂಮಿಯಲ್ಲಿ ಜಾಗ ಕೊಡಿಸಿದ್ದು ಅವರೇ.

"ನಮ್ಮಲ್ಲಿ ಹೊರಗಿನವರನ್ನ ಹೂಳೋದಿಲ್ಲಮ್ಮ. ಆದ್ರೆ ನಿಮ್ಮಮ್ಮ ಕೊನೇ ದಿನ ನನ್ನ ಕೈ ಹಿಡ್ಕೊಂಡು ಕೇಳಿದ್ರು. 'ಸಿಸ್ಟರ್, ನನ್ನನ್ನ ಅಲ್ಲೇ ನಿಮ್ಮ ಮನೇಲಿ, ತಾಯಿ ಪಕ್ಕ ಮಣ್ಣು ಮಾಡಿಸಿ' ಅಂತ. ಮಾತೆ ಮರಿಯಳ ಪ್ರತಿಮೆ ಪಕ್ಕದಲ್ಲೇ ಜಾಗ ಮಾಡ್ಸಿದೀನಿ."

ಯೆಸೇನಿಯಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸುತ್ತಲೇ ಇದ್ದಳು.

*

ವರ್ಷಗಳ ಹಿಂದೆ, ಆ ಆದೇಶ ಬಂದ ನವೆಂಬರಿನಲ್ಲಿ, ಅಧ್ಯಕ್ಷರು ಟೀವಿಯಲ್ಲಿ ಬಂದು, ಇಲ್ಲಿ ಹುಟ್ಟಿದ ಮಕ್ಕಳ ತಂದೆತಾಯಿಯರನ್ನು ಗಡೀಪಾರು ಮಾಡುವುದಿಲ್ಲವೆಂದು ಹೇಳಿದ್ದರು. ಒಬ್ದೂಲಿಯಾ ಭಾನುವಾರದ ಉಡುಪು ತೊಟ್ಟು, ಮಗಳನ್ನು ಕರೆದುಕೊಂಡು ಚರ್ಚಿನ ಸಭೆಗೆ ಹೋದಳು. ಅರ್ಜಿಗೆ ಮಾಹಿತಿ ಬರೆದುಕೊಳ್ಳಲು ಕೂತಿದ್ದವಳು ಒಬ್ಬ ಕಾಲೇಜು ಹುಡುಗಿ.

"ಎಲ್ಲಿ ಇರೋದು, ಅಮ್ಮಾ?"

"ನಿಮ್ಮ ಮನೇಲಿ ಕಣಮ್ಮ. ಎಲ್ಮ್ ಬೀದಿ."

"ನಮ್ಮ ಮನೆ ಅಲ್ಲ, ನಿಮ್ಮ ಮನೆ ಹೇಳಿ."

"ಅದೇ ತಾಯಿ, ನಿಮ್ಮ ಮನೆ."

ಯೆಸೇನಿಯಾ ನಗು ತಡೆಯಲಾರದೆ ಬಿಡಿಸಿ ಹೇಳಿದ್ದಳು: ಗಡಿಯಾಚೆ ಒಹಾಕಾದ ತಮ್ಮ ಬೆಟ್ಟದೂರಿನಲ್ಲಿ ಪರರ ಮುಂದೆ 'ನನ್ನ ಮನೆ' ಎನ್ನುವುದು ಒರಟುತನ, ತನ್ನದನ್ನೇ 'ನಿಮ್ಮದು' ಎನ್ನಬೇಕು.

ಫೆಬ್ರವರಿಯಲ್ಲಿ ಕೋರ್ಟು ಆದೇಶವನ್ನು ತಡೆಹಿಡಿಯಿತು. ಅಮ್ಮ ಆ ಉಡುಪನ್ನು ಮಡಿಸಿಟ್ಟು ಶೆಡ್ಡಿಗೆ ಹೋದಳು. ತನ್ನ ತಾಯಿ ಸತ್ತಾಗಲೂ ಊರಿಗೆ ಹೋಗಲಿಲ್ಲ. ಹೋದರೆ ಮಕ್ಕಳ ಬಳಿಗೆ ಮರಳುವ ದಾರಿ ಇರಲಿಲ್ಲ.

*

ಯೆಸೇನಿಯಾಳದೂ ಅಂಥದೇ ಬದುಕು. ಮಗುವಾಗಿದ್ದಾಗ ಬಂದವಳೆಂದು ಇನ್ನೊಂದು ಆದೇಶ ಅವಳನ್ನು ಇಲ್ಲಿ ಉಳಿಸಿತ್ತು. ಗಡಿ ದಾಟಿದರೆ ವಾಪಸು ಬಿಡುವರೆಂಬ ಖಾತ್ರಿಯಿರಲಿಲ್ಲ. ಕಾನ್ವೆಂಟಾದರೆ ಪ್ರತಿ ಭಾನುವಾರ ಹೂವಿಟ್ಟು ಬರಬಹುದು. ಅಮ್ಮ ನಿಜಕ್ಕೂ ಕೇಳಿದ್ದೇನೆಂದು ಅವಳು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಶವದ ಗಾಡಿಯವನು ಹೊಸ್ತಿಲಲ್ಲಿ ಕಾಣಿಸಿಕೊಂಡು, "ಹೊರಡೋಣ್ವಾ?" ಎಂದ.

"ಸಿಸ್ಟರ್," ಎಂದಳು ಯೆಸೇನಿಯಾ, "ಅಮ್ಮ 'ನಿಮ್ಮ ಮನೆ' ಅಂದ್ರೆ ಅವಳ ಮನೆ, ಊರಿನದು. ತಾಯಿ ಅಂದ್ರೆ ನಮ್ಮಜ್ಜಿ."

ಸಿಸ್ಟರ್ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ರೂಬೆನ್ ಲೋಟ ಹಿಡಿದೇ ಬಂದ. "ಅಕ್ಕಾ, ಊರಿಗೆ ಅಂದ್ರೆ... ನೀನು ಒಂದ್ಸಲಾನೂ ನೋಡೋಕಾಗಲ್ಲ ಕಣೇ."

"ನೀನು ಹೋಗ್ತೀಯಲ್ಲ."

"ಇಲ್ಲೇ ಇರ್ಲಿ ಬಿಡೇ. ಅಮ್ಮ ಏನೂ ಅಂದ್ಕೊಳ್ಳಲ್ಲ."

"ಅವಳು ಯಾವತ್ತೂ ಏನೂ ಅಂದ್ಕೊಂಡಿಲ್ಲ. ಅದಕ್ಕೇ ಊರಿಗೆ ಕಳಿಸೋಣ," ಎಂದಳು. ಗಾಡಿಯವನಿಗೆ, ಪ್ರಯಾಣದ ಕಾಗದಪತ್ರ ಆಗುವವರೆಗೆ ಅಮ್ಮನನ್ನು ನಿಮ್ಮ ಶವಾಗಾರದಲ್ಲೇ ಇಟ್ಟುಕೊಳ್ಳಿ ಎಂದು ಹೇಳಿ, ಒಳಕೋಣೆಗೆ ಹೋದಳು. ಬಂದಾಗ ಕೈಯಲ್ಲಿ ದಪ್ಪ ಉಣ್ಣೆಯ ಕಾಲುಚೀಲಗಳಿದ್ದವು.

"ಪೆಟ್ಟಿಗೇದು ಕಾಲ ಕಡೆ ಮುಚ್ಚಳ ತೆಗೀರಿ. ಬೆಟ್ಟದೂರಲ್ಲಿ ಚಳಿ ಜಾಸ್ತಿ."

ರೂಬೆನ್ ಲೋಟ ಕೆಳಗಿಟ್ಟು ಇನ್ನೊಂದು ಬದಿಗೆ ಬಂದು ಮಂಡಿಯೂರಿದ. ಅಮ್ಮನ ಒಂದು ಪಾದ ಅವಳ ಕೈಯಲ್ಲಿ, ಒಂದು ಅವನ ಕೈಯಲ್ಲಿ. ಅವನು ತೊಡಿಸಿದ ಕಾಲುಚೀಲದ ಹಿಮ್ಮಡಿ ಪಾದದ ಮೇಲುಗಡೆಗೆ ಬಂದಿತ್ತು. ಅವಳು ಕೈಚಾಚಿದಳು. ಅವನು ಬೇಡವೆಂದು ತಲೆಯಾಡಿಸಿ, ತಾನೇ ಅದನ್ನು ನಿಧಾನವಾಗಿ ಬಿಚ್ಚಿ, ಸುತ್ತಿ ಹಿಡಿದು, ಕಾಲ್ಬೆರಳುಗಳಿಂದ ಮತ್ತೆ ಮೇಲಕ್ಕೆ ಏರಿಸತೊಡಗಿದ.