ಎರಡು ಅಂಗಡಿಯ ಹಾಡು

ಗದ್ದಕ್ಕೆ ನೊರೆ ಹಚ್ಚುತ್ತಿದ್ದವನು ಬ್ರಷ್ ನಿಲ್ಲಿಸಿ, “ನೀರು ಇನ್ನೂ ಸ್ವಲ್ಪ ಬೆಚ್ಚಗಿರಲಿ ಅತ್ತಿಗೆ,” ಎಂದ.

ಸತ್ತವರಿಗೆ ಬಿಸಿನೀರು ಯಾಕೆಂದು ಆಕೆ ಕೇಳಲಿಲ್ಲ. ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋಗಿ ನೀರು ಬದಲಿಸಿ ತಂದಿಟ್ಟಳು. “ಅವರಿಗೆ ತಣ್ಣೀರು ಆಗ್ತಿರ್ಲಿಲ್ಲ,” ಎಂದಳು, ಯಾರಿಗೂ ಅಲ್ಲದ ಹಾಗೆ.

ಮಂಚದ ಮೇಲೆ ಮಲಗಿದ್ದವನು ಆ ಬೀದಿಯಲ್ಲಿ ಮೂವತ್ತೈದು ವರ್ಷ ಗಡಿಯಾರ ರಿಪೇರಿ ಮಾಡಿದವನು. ನೊರೆ ಹಚ್ಚುತ್ತಿದ್ದವನದು ಪಕ್ಕದ ಕ್ಷೌರದಂಗಡಿ. ಬೀದಿಯವರ ಬಾಯಲ್ಲಿ ಗಡಿಯಾರದವನು ಮುಳ್ಳು, ಕ್ಷೌರದವನು ಕತ್ತರಿ. ಆ ಹೆಸರುಗಳನ್ನು ಒಬ್ಬರಿಗೊಬ್ಬರು ಇಟ್ಟವರು ಅವರೇ. ಮೂರು ವಾರಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ಅದು ತಿಳಿದಿತ್ತು. ಹಾಗಾಗಿಯೇ ಕತ್ತರಿ ಚೀಲ ಹಿಡಿದು ಹೊಸ್ತಿಲ ಹೊರಗೆ ನಿಂತಾಗ ಮಾತುಗಳೆಲ್ಲ ತಟ್ಟನೆ ನಿಂತಿದ್ದವು. ಮುಳ್ಳಿನ ಹೆಂಡತಿಯೇ ಎದ್ದು ಬಂದು, “ಬಾ. ಎರಡು ದಿನದ ಗಡ್ಡ ಇದೆ. ಹಾಗೇ ಕಳಿಸೋಕೆ ನಂಗೆ ಮನಸ್ಸಿಲ್ಲ,” ಎಂದು ದಾರಿ ಬಿಟ್ಟಿದ್ದಳು.

“ಗದ್ದದ ಕೆಳಗೆ ಹುಷಾರು,” ಎಂದರು ಸತ್ತವನ ಅಣ್ಣ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಬೆಳಗಿನಿಂದ ಹತ್ತಾರು ಸಲ ಕೈಗಡಿಯಾರ ನೋಡಿಕೊಂಡಿದ್ದರು.

“ನನ್ನ ಕೈಗೆ ಗೊತ್ತಿರೋ ಗದ್ದ ಬಿಡಿ ಮಾಸ್ತರೇ. ಆದ್ರೆ ಇವನು ಬಾಯಿ ಮುಚ್ಚಿಕೊಂಡು ಕ್ಷೌರ ಮಾಡಿಸ್ಕೊಂಡವನಲ್ಲ. ಇವತ್ತು ಇಷ್ಟು ಸುಮ್ನಿದ್ದಾನಲ್ಲ, ಅದಕ್ಕೇ ಕತ್ತಿ ಹಿಡಿಯೋಕೆ ಭಯ ಆಗ್ತಿದೆ.”

ಕಿಟಕಿಯ ಬಳಿ ಯಾರೋ ನಕ್ಕು, ನಗುವನ್ನು ಕೆಮ್ಮಾಗಿಸಿಕೊಂಡರು.

ಮಗಳು ಗೋಡೆಯ ಕಪಾಟಿನ ಮೇಲೆ ಪ್ಲೇಯರ್ ಜೋಡಿಸುತ್ತಿದ್ದಳು. ಬೆಳಿಗ್ಗೆಯೇ ಅಪ್ಪನ ಅಂಗಡಿಯ ಬೀಗ ತೆಗೆದು ಅದನ್ನೂ ಒಂದು ಸ್ಪೀಕರನ್ನೂ ತಂದಿದ್ದಳು. ಇನ್ನೊಂದು ಸ್ಪೀಕರ್ ಕತ್ತರಿಯ ಅಂಗಡಿಯಲ್ಲಿತ್ತು. ಫೋನ್ ಮಾಡಿ, “ಕತ್ತರಿ ಮಾವ, ಅದನ್ನೂ ಬಿಚ್ಚಿ ತನ್ನಿ. ಅಪ್ಪನ ಹಾಡಿಲ್ಲದೆ ಅಪ್ಪನ್ನ ಹೇಗೆ ಕಳಿಸೋದು?” ಎಂದಿದ್ದಳು. ಆ ಫೋನ್ ಬಾರದಿದ್ದರೆ ಅವನು ಈ ಹೊಸ್ತಿಲವರೆಗೂ ಬರುತ್ತಿದ್ದನೋ ಇಲ್ಲವೋ.

“ಯಾವುದು ಹಾಕ್ಲಿ ಮಾವ? ಹಳೇದೋ ಹೊಸದೋ?”

ಕತ್ತರಿಯ ಕೈ ಕೆನ್ನೆಯ ಮೇಲೆಯೇ ನಿಂತಿತು. “ಹಳೇದು ಹಾಕಮ್ಮ,” ಎಂದ. “ಹೊಸದು ಬೇಡ.”

* * *

ಎರಡೂ ಅಂಗಡಿಗಳ ನಡುವೆ ಒಂದೇ ಗೋಡೆ. ಇಬ್ಬರೂ ಮದುವೆಗೆ ಮುಂಚೆಯೇ ಒಂದೇ ಬ್ಯಾಂಡಿಗೆ ಮರುಳಾದವರು. ಒಮ್ಮೆ ಅವರ ಕಾರ್ಯಕ್ರಮಕ್ಕೆಂದು ದೂರದ ನಗರಕ್ಕೆ ಹೋಗಿ, ವಾಪಸು ಬರುವ ರೈಲು ತಪ್ಪಿಸಿಕೊಂಡು, ಸ್ಟೇಷನ್ನಿನ ಒಂದೇ ಬೆಂಚಿನಲ್ಲಿ ಕಾಲು ಮಡಿಚಿಕೊಂಡು ಮಲಗಿದ್ದರು. ಐದು ಜನರ ತಂಡದಲ್ಲಿ ಕೊನೆಗೆ ಉಳಿದವರು ಇಬ್ಬರು, ಹಾಡುವವನು ಮತ್ತು ಗಿಟಾರ್ ನುಡಿಸುವವನು. ಅವರಿಗೆ ಅರವತ್ತು ದಾಟಿದ ಮೇಲೂ ಇವರ ಬಾಯಲ್ಲಿ ಅವರು ‘ನಮ್ಮ ಹುಡುಗರು’.

ಕ್ಷೌರದಂಗಡಿಯಲ್ಲಿ ನೀರು, ಹಾರುವ ಕೂದಲು. ಮುಳ್ಳು ಕೊಂಡ ಪ್ಲೇಯರ್ ಅಲ್ಲಿಟ್ಟರೆ ಕೆಡುತ್ತದೆಂದು ಅದು ಗಡಿಯಾರದಂಗಡಿಯಲ್ಲೇ ಉಳಿಯಿತು. ಆದರೆ ಪೆಟ್ಟಿಗೆಯಲ್ಲಿ ಎರಡು ಸ್ಪೀಕರ್ ಬಂದಿದ್ದವು. ಒಬ್ಬನಿಗೆ ಎರಡು ಯಾಕೆ ಎಂದು ಮುಳ್ಳು ಗೋಡೆಗೆ ತೂತು ಕೊರೆದ, ತಂತಿ ತೂರಿಸಿದ, ಒಂದನ್ನು ಆಚೆಗೆ ದಾಟಿಸಿದ.

“ಬಾಡಿಗೆ ಎಷ್ಟು ಕೊಡ್ಬೇಕು?” ಎಂದಿದ್ದ ಕತ್ತರಿ.

“ತಿಂಗಳಿಗೊಂದು ಕಟಿಂಗ್ ಮಾಡು, ಸಾಕು.”

“ತಲೇಲಿ ಕೂದಲಿರೋವರೆಗೆ ತಾನೆ? ಅಬ್ಬಾ, ಹಾಗಾದ್ರೆ ಬೇಗ ಋಣ ಹರಿಯುತ್ತೆ ಬಿಡು.”

ಅಂದಿನಿಂದ ಎರಡೂ ಅಂಗಡಿಗೆ ಒಂದೇ ಹಾಡು. ಸಂಜೆ ಹೊರಗಿನ ಬೆಂಚಿನ ಮೇಲೆ ಚಹಾ ಕುಡಿಯುತ್ತಾ ಹಾಡಿನ ಜಗಳ. “ಆ ಡ್ರಮ್ ಕೇಳಿದ್ಯಾ, ಎದೆಗೇ ಹೊಡೆದ ಹಾಗಿತ್ತು,” ಎನ್ನುವನು ಮುಳ್ಳು. “ಎಲ್ಲೋ ಡ್ರಮ್ಮು? ಯಾರೋ ಪಕ್ಕದ ಮನೇಲಿ ಬಾಗಿಲು ಬಡಿದ ಹಾಗೆ ಕೇಳಿಸ್ತು ಅಷ್ಟೆ,” ಎನ್ನುವನು ಕತ್ತರಿ. ಮುಳ್ಳಿಗೆ ಕತ್ತರಿಯ ಕಿವಿ ಮಂದ ಎಂದು ಖಾತ್ರಿ. ಕತ್ತರಿಗೆ ಮುಳ್ಳಿನದು ಬಾಯಿಬಡುಕತನ ಎಂದು ಖಾತ್ರಿ. ಗಿರಾಕಿಗಳಿಗೆ ಇದು ಪುಕ್ಕಟೆ ಮನರಂಜನೆ.

* * *

ಹೊಸ ಆಲ್ಬಂ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಬಹುಶಃ ಇದೇ ಕೊನೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಮಗಳು ಡಿಸ್ಕ್ ತಂದುಕೊಟ್ಟ ಮಧ್ಯಾಹ್ನ ಇಬ್ಬರೂ ಬಾಗಿಲು ಅರ್ಧ ಎಳೆದುಕೊಂಡು, ತಂತಮ್ಮ ಅಂಗಡಿಯಲ್ಲಿ ಕೂತು ಪೂರ್ತಿ ಕೇಳಿದರು. ಆಮೇಲೆ ಬೆಂಚಿಗೆ ಬಂದರು. ಚಹಾ ತಂದ ಹೆಂಗಸು ಲೋಟ ಕೊಟ್ಟು, ಏನು ಹೇಳುತ್ತಾರೋ ಎಂದು ಅಲ್ಲೇ ನಿಂತಳು.

“ಹೇಗಿದೆ?” ಮುಳ್ಳಿನ ಕಣ್ಣು ಇನ್ನೂ ಒದ್ದೆಯಾಗಿತ್ತು.

“ಉಸಿರಿಲ್ಲ ಕಣೋ,” ಎಂದ ಕತ್ತರಿ. “ಒಂದು ಸಾಲು ಹಾಡ್ತಾನೆ, ಆಮೇಲೆ ಗಪ್‌ಚಿಪ್. ಇನ್ನೊಂದು ಸಾಲಿಗೆ ದಮ್ಮು ಕಟ್ಟೋಕೆ ಅಷ್ಟು ಹೊತ್ತು. ದನಿ ಸೀಳಿಹೋಗಿದೆ. ಬರೀ ಕೇಳ್ತಾನೆ, ಅದ್ಯಾಕೆ ಇದ್ಯಾಕೆ ಅಂತ. ಒಂದಕ್ಕಾದ್ರೂ ಉತ್ತರ ಇದ್ಯಾ?”

“ಏನು ಹೇಳ್ತಿದ್ದೀಯ ನೀನು? ದನಿ ಬಾವಿ ನೀರಿನ ಹಾಗೆ ತಣ್ಣಗಿದೆ. ನಡುವೆ ಸುಮ್ನಿರ್ತಾನಲ್ಲ, ಅದೇ ಚೆಂದ. ಯಾರೂ ಕೇಳದೇನೇ ಎಲ್ಲಾದಕ್ಕೂ ಉತ್ತರ ಹೇಳ್ತಾ ಹೋಗ್ತಾನೆ. ಅಷ್ಟು ವಯಸ್ಸಾದ ಮೇಲೇ ಬರೋದು ಅದು.”

“ನಿನ್ನ ಕಿವೀಲಿ ಟಿಕ್ ಟಿಕ್ ಬಿಟ್ಟು ಬೇರೇನೂ ಉಳಿದಿಲ್ಲ.”

ಚಹಾದವಳು ನಕ್ಕಳು. ಕಟಿಂಗಿಗೆ ಕಾದಿದ್ದ ಇಬ್ಬರೂ ನಕ್ಕರು. ನಗು ಕೇಳಿ ಕತ್ತರಿಗೆ ಹುರುಪು ಬಂತು. ನಿರಾಸೆಯೂ ಇತ್ತು, ಇಷ್ಟು ವರ್ಷ ಕಾದದ್ದು ಇದಕ್ಕೇನಾ ಎಂಬ ಸಿಟ್ಟಿತ್ತು. “ಕೈಲಾಗದ ಮೇಲೆ ಮುದುಕರು ಅಂಗಡಿ ಮುಚ್ಕೊಂಡು ಮನೇಲಿರ್ಬೇಕು,” ಎಂದುಬಿಟ್ಟ. “ಇದ್ದ ಹೆಸರು ಯಾಕೆ ಕೆಡಿಸ್ಕೋಬೇಕು?”

ಹೇಳಿದ್ದು ಹಾಡುವವನ ಬಗ್ಗೆ. ಆದರೆ ಆ ವರ್ಷ ಮುಳ್ಳಿನ ಬಲಗೈ ನಡುಗಲು ಶುರುವಾಗಿತ್ತು. ಚಿಮುಟದಿಂದ ಸಣ್ಣ ತಿರುಪುಗಳು ಜಾರಿ ಬೀಳುತ್ತಿದ್ದವು. ಕತ್ತರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆಡಿ ತೋರಿಸಿದವನಲ್ಲ; ಸಂಜೆ ತನ್ನ ಅಂಗಡಿ ಗುಡಿಸಿದ ಮೇಲೆ, “ಕೂದಲು ಈಚೆಗೆ ಬಂದಿದೆಯೇನೋ,” ಎಂದು ಪೊರಕೆ ಹಿಡಿದು ಬಂದು, ಬಿದ್ದ ತಿರುಪು ಹುಡುಕಿ ಮೇಜಿನ ಮೇಲಿಟ್ಟು ಹೋಗುತ್ತಿದ್ದ.

ಮುಳ್ಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಮೇಲಿಟ್ಟ. ಎದ್ದು ಒಳಗೆ ಹೋದ. ಕತ್ತರಿಗೆ ತನ್ನ ಮಾತು ಎಲ್ಲಿ ಹೋಗಿ ತಾಗಿತೆಂದು ಆ ಲೋಟ ನೋಡಿದ ಮೇಲೆ ಹೊಳೆಯಿತು.

ಮಾರನೆಯ ದಿನ ಹೋಗಿ ಹೇಳೋಣ ಎಂದುಕೊಂಡ. ಹೇಳುವುದಾದರೂ ಏನು? ನಿನಗೆ ಹೇಳಿದ್ದಲ್ಲ ಎಂದರೆ, ನಿನ್ನ ಕೈ ನಡುಗುವುದು ಗೊತ್ತು ಎಂದ ಹಾಗಾಗುತ್ತದೆ. ಹೀಗೇ ಮೂರು ವಾರ ಕಳೆಯಿತು.

* * *

“ಹೊಸದೇ ಹಾಕು,” ಎಂದಳು ಮುಳ್ಳಿನ ಹೆಂಡತಿ. “ಕೊನೆಕೊನೆಗೆ ಅವರು ಕೇಳ್ತಿದ್ದದ್ದು ಅದನ್ನೇ.”

ಕತ್ತರಿ ತಲೆ ಎತ್ತಲಿಲ್ಲ. ಮೂಗಿನ ಕೆಳಗೆ ಕತ್ತಿಯನ್ನು ಒಂದೊಂದೇ ಎಳೆಯಾಗಿ ಎಳೆದ. ಕಪಾಟಿನ ಮೇಲೆ ಅಕ್ಕಪಕ್ಕ ಇಟ್ಟಿದ್ದ ಸ್ಪೀಕರುಗಳಿಂದ ಹಾಡು ಶುರುವಾಯಿತು. ಅದೇ ಗಿಟಾರು, ಅದೇ ಸೀಳುದನಿ, ಅದೇ ಮೊದಲ ಸಾಲು. ಮೂರು ವಾರದಿಂದ ಕೇಳಿ ಕೇಳಿ ಬಾಯಿಪಾಠವಾದದ್ದು. ಆ ಸಾಲು ಮುಗಿಯಿತು. ಖಾಲಿ ಜಾಗ ಬರುತ್ತದೆಂದು ಅವನು ಕಾದ.

ಖಾಲಿ ಜಾಗ ಬರಲಿಲ್ಲ. ಬೇರೊಂದು ದನಿ, ಆಳವಾದದ್ದು, ಅವಸರವಿಲ್ಲದ್ದು, ಮೊದಲನೆಯದಕ್ಕೆ ಉತ್ತರ ಕೊಟ್ಟಿತು.

“ಇದು ಬೇರೆ ಆಲ್ಬಂ,” ಎಂದ ಕತ್ತರಿ.

“ಅದೇ ಮಾವ.”

ಅವನು ಕತ್ತಿಯನ್ನು ಬಟ್ಟಲಿನ ಮೇಲಿಟ್ಟು ಎದ್ದ. ಕಪಾಟಿನ ಬಳಿ ಹೋಗಿ ತನ್ನ ಅಂಗಡಿಯ ಸ್ಪೀಕರಿಗೆ ಕಿವಿಯಿಟ್ಟ. ಆಮೇಲೆ ಇನ್ನೊಂದಕ್ಕೆ. ಮತ್ತೆ ಮೊದಲನೆಯದಕ್ಕೆ. ಒಂದರಲ್ಲಿ ಹಾಡುವವನು ಪ್ರಶ್ನೆ ಕೇಳುತ್ತಿದ್ದ. ಇನ್ನೊಂದರಲ್ಲಿ, ಇಷ್ಟು ವರ್ಷ ಬಾಯಿ ಬಿಡದ ಗಿಟಾರಿನವನು ಉತ್ತರ ಹೇಳುತ್ತಿದ್ದ. ಇಬ್ಬರು ಮುದುಕರು ಎದುರುಬದುರು ಕೂತು ಮಾತಾಡಿದ ಹಾಗೆ.

“ಎರಡರಲ್ಲೂ ಬೇರೆ ಬೇರೆ ಬರ್ತಿದೆಯಲ್ಲಮ್ಮ.”

“ಸ್ಟೀರಿಯೋ ಅಲ್ವಾ ಮಾವ. ಎಡಗಡೆದು ಬೇರೆ, ಬಲಗಡೆದು ಬೇರೆ. ಎರಡೂ ಸೇರಿದ್ರೇ ಪೂರ್ತಿ ಹಾಡು.” ಮಗಳು ಅಷ್ಟು ಹೇಳಿ, ಅವನ ಮುಖ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ನೀವಿಬ್ರೂ...”

“ಎರಡು ಪೆಟ್ಟಿಗೇಲೂ ಒಂದೇ ಹಾಡು ಅಂದ್ಕೊಂಡಿದ್ವಿ.” ಕತ್ತರಿಯ ದನಿ ಇಳಿದಿತ್ತು. “ಡ್ರಮ್ಮೆಲ್ಲ ಅವನ ಕಡೆ ಹೋಗ್ತಿತ್ತು. ಅದಕ್ಕೇ ಡ್ರಮ್ಮು ಡ್ರಮ್ಮು ಅಂತ ಸಾಯ್ತಿದ್ದ. ನಾನು ಅವನನ್ನ ಬಾಯಿಬಡುಕ ಅಂತಿದ್ದೆ.”

ಬಂದು ಮತ್ತೆ ಮಂಚದ ಬಳಿ ಕೂತ. ಉಳಿದಿದ್ದ ನೊರೆಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿದ. ಒರೆಸಿದ ಮೇಲೂ ಕೈ ಅಲ್ಲೇ ಇತ್ತು.

“ಅತ್ತಿಗೆ, ಅವತ್ತು ನಾನಂದದ್ದು ಮನೆಗೆ ಬಂದು ಹೇಳಿದ್ನಾ?”

“ಕತ್ತರಿಗೆ ಹಾಡು ಹಿಡಿಸಿಲ್ಲ ಅಂದ್ರು.”

“ಅಷ್ಟೇನಾ?”

ಆಕೆ ಸುಳ್ಳು ಹೇಳಲಿಲ್ಲ. “ಊಟ ಮಾಡ್ಲಿಲ್ಲ ಅವತ್ತು. ಕೈ ನೋಡ್ಕೊಂಡು ಕೂತಿದ್ರು.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮಾರನೇ ಬೆಳಿಗ್ಗೆ ಹೊರಡೋವಾಗ, ‘ದಿನಾ ಹಾಕ್ತೀನಿ, ಕೇಳ್ತಾ ಕೇಳ್ತಾ ಅವನಿಗೂ ಹಿಡಿಸುತ್ತೆ, ಅವನೊಬ್ಬನಿಗೆ ಹಿಡಿಸದೆ ಹೋದ್ರೆ ನಂಗೆ ಕೇಳಿದ ಹಾಗೇ ಆಗಲ್ಲ’ ಅಂದ್ರು. ದಿನಾ ಹಾಕಿದ್ರಲ್ಲ?”

“ದಿನಾ ಹಾಕ್ದ.”

“ಬೇಡ ಅಂದಿದ್ರೆ ನೀನು ನಿನ್ನ ಕಡೇದು ಆರಿಸ್ಬಹುದಿತ್ತು.”

“ಆರಿಸಿದ್ರೆ ಅವನು ಅಂಗಡೀಲಿ ಇದ್ದಾನೋ ಇಲ್ವೋ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಅತ್ತಿಗೆ? ನಿನ್ನೆ ಮಧ್ಯಾಹ್ನ ಹಾಡು ಬರ್ಲಿಲ್ಲ. ಗಿರಾಕೀನ ಅರ್ಧ ಕಟಿಂಗಲ್ಲೇ ಬಿಟ್ಟು ಹೊರಗೆ ಬಂದೆ. ಬಾಗಿಲು ಹಾಕಿತ್ತು.”

ಹೊರಗೆ ಶವದ ಗಾಡಿಯ ಇಂಜಿನ್ ಶುರುವಾಯಿತು. ಮಾಸ್ತರರು ಎದ್ದರು. “ಹೊತ್ತಾಯ್ತು. ಇನ್ನು ತಡ ಮಾಡಿದ್ರೆ ಸ್ಮಶಾನದಲ್ಲಿ ನಮ್ಮ ಸರದಿ ತಪ್ಪುತ್ತೆ. ಹಾಡು ನಿಲ್ಲಿಸಮ್ಮ. ನಾಲ್ಕು ಜನ ಬನ್ನಿ ಈ ಕಡೆ.”

ನಾಲ್ವರು ಮುಂದೆ ಬಂದರು. ಮಗಳು ಹಾಡು ನಿಲ್ಲಿಸಿದಳು. ಕತ್ತರಿ ಮಾತ್ರ ಮಂಚದ ತಲೆಭಾಗದಿಂದ ಅಲ್ಲಾಡಲಿಲ್ಲ.

“ಮಾಸ್ತರೇ, ಒಂದೇ ಒಂದು ಹಾಡು. ಇವನು ಇದನ್ನ ಪೂರ್ತಿ ಕೇಳಿಲ್ಲ.”

“ಇಷ್ಟು ಹೊತ್ತು ಹಾಡಿತಲ್ಲಯ್ಯ.”

“ಅಲ್ಲಿ ಕಪಾಟಿನ ಮೇಲೆ ಹಾಡಿತು. ಇವನ ಹತ್ರ ಹಾಡ್ಲಿಲ್ಲ.”

“ಹೋದವನಿಗೆ ಕೇಳಿಸುತ್ತೇನಯ್ಯ?”

ಕತ್ತರಿ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಾ ನಿಂತ.

“ಭಾವ,” ಎಂದಳು ಮುಳ್ಳಿನ ಹೆಂಡತಿ. ಆಕೆ ಭಾವನ ಎದುರು ದನಿ ಎತ್ತಿದವಳಲ್ಲ, ಈಗಲೂ ಎತ್ತಲಿಲ್ಲ. “ಸರದಿ ತಪ್ಪಿದ್ರೆ ತಪ್ಪಲಿ. ಕಾಯೋಣ. ಇವರಿಗೇನು ಅವಸರ ಇನ್ನು?”

ಮಾಸ್ತರರು, ಮುಳ್ಳೇ ಎಷ್ಟೋ ಸಲ ಬಿಚ್ಚಿ ಜೋಡಿಸಿಕೊಟ್ಟ ಕೈಗಡಿಯಾರವನ್ನು ನೋಡಿಕೊಳ್ಳಲು ಹೋಗಿ, ನೋಡದೆಯೇ ಕೈ ಇಳಿಬಿಟ್ಟರು. ಬಾಗಿಲಿಗೆ ಹೋಗಿ, ಗಾಡಿಯ ಡ್ರೈವರಿಗೆ ಕಾಣುವಂತೆ ತೋಳನ್ನು ಪೂರ್ತಿ ಎತ್ತಿ ಹಿಡಿದರು. ಡ್ರೈವರ್ ಏನೆಂದು ಕೇಳಲೂ ಇಲ್ಲ. ಇಂಜಿನ್ ಆರಿಸಿದ.

ಮಗಳು ತಂತಿಗಳನ್ನು ಬಿಡಿಸಿ ಉದ್ದ ಮಾಡಿದಳು. ಹೊರಲು ಬಂದಿದ್ದವರೇ ಎರಡು ಸ್ಟೂಲು ತಂದು ಮಂಚದ ತಲೆಭಾಗದ ಆಚೆ ಈಚೆ ಇಟ್ಟರು. ಕತ್ತರಿ ಒಂದೊಂದೇ ಸ್ಪೀಕರನ್ನು ಎತ್ತಿ ಇಟ್ಟ. ಬಗ್ಗಿ ನೋಡಿದ. ಒಂದನ್ನು ಬೆರಳಗಲ ಹಿಂದಕ್ಕೆ ಸರಿಸಿದ, ಕಿವಿಯ ಪಕ್ಕದ ಕೃತಾವು ಎರಡೂ ಕಡೆ ಸಮ ಬಂತೇ ಎಂದು ನೋಡುವವನ ಹಾಗೆ. ಆಮೇಲೆ ಹೋಗಿ, ಇಷ್ಟು ವರ್ಷ ಮುಳ್ಳಿನ ಅಂಗಡಿಯಲ್ಲಿದ್ದ ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತ. ಮುಳ್ಳಿನ ಹೆಂಡತಿ ಇನ್ನೊಂದರ ಪಕ್ಕ ಕುರ್ಚಿ ಎಳೆದುಕೊಂಡಳು.

ಹಾಡು ಶುರುವಾಯಿತು. ಆಕೆಯ ಕಡೆ ಕೂತವರಿಗೆ ಪ್ರಶ್ನೆ ಕೇಳುವ ದನಿಯೇ ಹೆಚ್ಚಾಗಿ ಕೇಳಿಸಿತು, ಕತ್ತರಿಯ ಕಡೆ ಕೂತವರಿಗೆ ಉತ್ತರ ಹೇಳುವ ದನಿ. ಬಾಗಿಲಲ್ಲಿ ಡ್ರೈವರ್ ಟೋಪಿ ತೆಗೆದು ನಿಂತಿದ್ದ. ಎರಡು ಸ್ಪೀಕರುಗಳ ನಟ್ಟನಡುವೆ, ದಿಂಬಿನ ಮೇಲೆ, ನುಣ್ಣಗೆ ಕ್ಷೌರವಾದ ಮುಖ ಯಾವ ಕಡೆಗೂ ವಾಲದೆ ನೆಟ್ಟಗೆ ಮಲಗಿತ್ತು.