ಬೂದಿಬಾಲದ ಸಾಕ್ಷಿ

ನಮ್ಮ ಅತ್ತೆಯ ಕೈಗೆ ಸಿಕ್ಕ ಯಾವ ವಸ್ತುವೂ ವ್ಯರ್ಥವಾಗುವುದಿಲ್ಲ. ಬಂದ ಅತಿಥಿಗಳಿಗೆಲ್ಲ ನಾನು ಈ ಮಾತನ್ನು ಎದೆಯುಬ್ಬಿಸಿ ಹೇಳುತ್ತ ಬಂದವಳು. ಅವತ್ತು ಬೆಳಿಗ್ಗೆ ಮಾತ್ರ ಆ ಹೆಮ್ಮೆಗೆ ಬೆಂಕಿ ಬೀಳ ಎಂದು ಶಪಿಸಿದೆ.

ನಮ್ಮದು ಕಾಡಿನೊಳಗಿನ ವಸತಿಗೃಹ. ದೋಣಿ ಇಳಿದು ಒಂದು ಗುಡ್ಡ ಹತ್ತಿಳಿದರೆ ಸಿಗುವ ನಾಲ್ಕು ಕೋಣೆ, ಒಂದು ಅಡುಗೆಮನೆ, ಉದ್ದನೆಯ ಒಂದು ಜಗಲಿ. ವಿದ್ಯುತ್ ತಂತಿ ಇಲ್ಲಿಗೆ ಬಂದಿಲ್ಲ, ಬರುವುದೂ ಬೇಡ. ಬಿಸಿಲು ಕೊಟ್ಟಷ್ಟರಲ್ಲೇ ದೀಪ ಉರಿಯುತ್ತದೆ. ಸ್ನಾನದ ನೀರು ಜೊಂಡಿನ ಹೊಂಡದಲ್ಲಿ ಸೋಸಿಕೊಂಡು ತರಕಾರಿ ಮಡಿಗೆ ಹೋಗುತ್ತದೆ. ಹಿತ್ತಲಲ್ಲಿ ಗ್ಯಾಸಿನ ತೊಟ್ಟಿಯಿದೆ. ಸಿಪ್ಪೆ, ಮುಸುರೆ, ಸಗಣಿ ಎಲ್ಲವೂ ಅದರ ಬಾಯಿಗೆ, ಅದರಿಂದ ಹುಟ್ಟಿದ ಗ್ಯಾಸು ನಮ್ಮ ಒಲೆಗೆ. ಆ ತೊಟ್ಟಿಗೆ ಅತ್ತೆಯೇ ಮಹಾರಾಣಿ. ಅತಿಥಿಯೊಬ್ಬರು ಕಿಟಕಿಯಿಂದ ಹಣ್ಣಿನ ಸಿಪ್ಪೆ ಎಸೆದರೆ "ಯಾರ್ರೀ ಅದೂ!" ಎಂದು ಅವರು ಹಾಕುವ ಕೂಗಿಗೆ ನಾಲ್ಕೂ ಕೋಣೆಯವರು ಹೊರಗೆ ಬಂದು ನಿಲ್ಲುತ್ತಾರೆ.

ಇಷ್ಟೆಲ್ಲ ಮಾಡಿದರೂ ನಮ್ಮ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಈ ಕಾಡಿನಲ್ಲಿ ಬೂದಿಬಾಲ ಎನ್ನುವ ಒಂದು ಸಣ್ಣ ಕಾಡುಬೆಕ್ಕು ಇತ್ತಂತೆ. ಮೈಯೆಲ್ಲ ಕಂದು, ಬಾಲ ಮಾತ್ರ ಒಲೆಯ ಬೂದಿಯಲ್ಲಿ ಅದ್ದಿ ತೆಗೆದ ಹಾಗೆ. ನಾವು ಇಲ್ಲಿ ಮನೆ ಕಟ್ಟಿದ ಮೇಲೆ ಅದನ್ನು ಯಾರೂ ಕಂಡಿಲ್ಲ. ಅದು ಇನ್ನೂ ಇಲ್ಲಿದೆ ಎಂದು ಗೊತ್ತಾಗದಿದ್ದರೆ ಪರವಾನಗಿ ಮುಂದುವರಿಸುವುದಿಲ್ಲ, ಮನೆ ಬಿಚ್ಚಿಕೊಂಡು ಹೊರಡಿ ಎಂದು ಅರಣ್ಯ ಕಚೇರಿಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಡಾಕ್ಟ್ರಮ್ಮ. ಅವರು ಕಾಡುಪ್ರಾಣಿಗಳ ಮೇಲೆ ಓದಿ ಡಾಕ್ಟರಾದವರು. ಹಾಗೆಂದು ಎಷ್ಟು ಬಡಿದುಕೊಂಡರೂ ಅತ್ತೆ ಮೊದಲ ದಿನವೇ ಅವರಿಗೆ ತಮ್ಮ ಮೊಣಕಾಲು ತೋರಿಸಿ ಮಾತ್ರೆ ಕೇಳಿದ್ದರು. ವರ್ಷ ವರ್ಷವೂ ಬಂದು ಹುಡುಕಿ 'ಕಂಡಿಲ್ಲ' ಎಂದೇ ಬರೆದು ಹೋದವರು ಡಾಕ್ಟ್ರಮ್ಮ. ಈ ಸಲವೂ ಹಾಗೇ ಬರೆದರೆ ನಮ್ಮ ಕಥೆ ಮುಗಿದಂತೆ. ಅವರನ್ನು ಕರೆದೊಯ್ಯುವ ದೋಣಿ ಅವತ್ತು ಸಂಜೆಯೇ ಬರುವುದಿತ್ತು.

ನಾನು ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದೆ. ಹಳ್ಳದ ಕಡೆಯಿಂದ "ಸಿಕ್ತೂ! ಸಿಕ್ತೂ!" ಎಂದು ಯಾರೋ ಅರಚುವುದು ಕೇಳಿತು. ನೋಡಿದರೆ ಡಾಕ್ಟ್ರಮ್ಮ! ಮೂರು ಮಾತಿಗೆ ಒಂದು ಮಾತಾಡುವ ಹೆಂಗಸು, ಕೂದಲು ಕೆದರಿಕೊಂಡು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬರುತ್ತಿದ್ದಾರೆ. ಕೈಯಲ್ಲೊಂದು ಕಾಗದದ ಪೊಟ್ಟಣ.

"ಬೂದಿಬಾಲದ ಹಿಕ್ಕೆ! ಬಂಡೆ ಮೇಲಿತ್ತು, ಪೂರ್ತಿ ಕೆರ್ಕೊಂಡು ಬಂದೆ. ಇದನ್ನ ಪರೀಕ್ಷೆಗೆ ಕಳಿಸಿದ್ರೆ ಆಯ್ತು, ನಿಮ್ಮನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ!"

ಅಯ್ಯಯ್ಯೋ, ನನಗಾದ ಸಂತೋಷ ಹೇಳತೀರದು! ಅವರನ್ನು ತಬ್ಬಿಕೊಂಡೆ. ಸೌಟು ಕೈಯಲ್ಲೇ ಇತ್ತು, ಅವರ ಬೆನ್ನಿಗೆ ಬಡಿಯಿತು, ಅವರಿಗೆ ಗೊತ್ತೇ ಆಗಲಿಲ್ಲ. ಪೊಟ್ಟಣವನ್ನು ಅಡುಗೆಕಟ್ಟೆಯ ಮೇಲಿಟ್ಟು, ಹಿಕ್ಕೆ ತುಂಬಲು ಗಾಜಿನ ಶೀಸೆ ತರುತ್ತೇನೆಂದು ಅವರು ಕೋಣೆಗೆ ಓಡಿದರು. ನಾನು ಯಜಮಾನರಿಗೆ ಹೇಳಲು ಜೊಂಡಿನ ಹೊಂಡದ ಕಡೆ ಓಡಿದೆ. ಒಂದು ಪೊಟ್ಟಣ ಕಾಯಲು ಇಬ್ಬರಲ್ಲಿ ಒಬ್ಬರು ನಿಲ್ಲಬಾರದಿತ್ತೇ? ನಿಲ್ಲಲಿಲ್ಲ ನೋಡಿ.

ನಾವು ಮರಳಿ ಬಂದಾಗ ಕಟ್ಟೆ ಫಳಫಳ ಹೊಳೆಯುತ್ತಿತ್ತು. ಅತ್ತೆ ಕೈ ತೊಳೆಯುತ್ತಿದ್ದರು.

"ಅತ್ತೆ, ಇಲ್ಲೊಂದು ಪೊಟ್ಟಣ ಇತ್ತಲ್ಲ?"

"ಅದನ್ನ ಅಲ್ಲಿಟ್ಟಿದ್ದು ನೀನೇನಾ? ನಾಚಿಕೆ ಆಗಲ್ವೇನೇ? ಬೆಕ್ಕಿನ ಹೇಲು ತಂದು ಅಡುಗೆಕಟ್ಟೆ ಮೇಲಿಡ್ತಾರಾ ಯಾರಾದ್ರೂ? ಸಿಪ್ಪೆ ಜೊತೆ ಕಲಸಿ ತೊಟ್ಟಿಗೆ ಹಾಕಿದೆ. ಕಾಗದಾನೂ ಚೂರು ಮಾಡಿ ಹಾಕಿದೀನಿ."

ಕೊನೆಯ ಮಾತನ್ನು ಶಭಾಷ್‌ಗಿರಿ ಸಿಗಬೇಕು ಎನ್ನುವ ಹಾಗೆ ಹೇಳಿದರು. ಡಾಕ್ಟ್ರಮ್ಮ ಶೀಸೆ ಹಿಡಿದುಕೊಂಡು ಬಾಗಿಲಲ್ಲಿ ಕಂಬದಂತೆ ನಿಂತಿದ್ದರು. ಜಗಲಿಯಲ್ಲಿ ಚಹಾಕ್ಕೆ ಕಾಯುತ್ತಿದ್ದ ಜಡ್ಜ್ ಸಾಹೇಬರು ಒಳಗೆ ಇಣುಕಿದರು. ನಿವೃತ್ತರಾದ ಮೇಲೆ ವಿಶ್ರಾಂತಿಗೆಂದು ನಮ್ಮಲ್ಲಿಗೆ ಬಂದ ಅತಿಥಿ ಅವರು.

"ಸಾಕ್ಷ್ಯನಾಶ," ಎಂದರು, ಗಂಭೀರವಾಗಿ. ಆಮೇಲೆ ಒಲೆಯ ಮೇಲೆ ಕುದಿಯುತ್ತಿದ್ದ ಚಹಾ ನೋಡಿ, "ಇದು ಕುದೀತಿರೋದು ಆ ತೊಟ್ಟಿ ಗ್ಯಾಸಲ್ಲೇನಾ?" ಎಂದು ಮೆಲ್ಲಗೆ ಕೇಳಿದರು.

ತೊಟ್ಟಿಯೊಳಗೆ ಬಿದ್ದದ್ದನ್ನು ತೆಗೆಯುವುದುಂಟೇ? ಯಜಮಾನರು ಉದ್ದನೆಯ ಕೋಲು ತಂದು ಕಲಕಿ, ಇದ್ದ ನಾಲ್ಕು ಜನರನ್ನೂ ಮೂಗು ಮುಚ್ಚಿಕೊಂಡು ಓಡುವಂತೆ ಮಾಡಿದರು, ಅಷ್ಟೇ. ಬಂಡೆಯ ಮೇಲಿದ್ದಾಗ ತೆಗೆದ ಫೋಟೋ ಇದ್ದೀತಲ್ಲ ಎಂದು ಕೇಳಿದೆ. "ಫೋಟೋ ನೋಡಿ ಇದು ಬೂದಿಬಾಲದ್ದೇ ಅಂತ ಯಾರು ನಂಬ್ತಾರೆ? ನಾನೇ ನಂಬಲ್ಲ," ಎಂದರು ಡಾಕ್ಟ್ರಮ್ಮ. ಆದರೆ ಅವರ ಕಣ್ಣು ಇನ್ನೂ ಹೊಳೆಯುತ್ತಿತ್ತು. "ಒಂದು ಕಡೆ ಹಾಕಿದೆ ಅಂದ್ರೆ ಇನ್ನೊಂದು ಕಡೆನೂ ಹಾಕಿರತ್ತೆ. ದೋಣಿ ಬರೋದು ಸಂಜೆಗೆ. ಹುಡುಕೋಣ ನಡೀರಿ!"

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಬಿಸಿನೀರಿನ ಸ್ನಾನ, ಹಕ್ಕಿಯ ಹಾಡು, ಮನಸ್ಸಿಗೆ ನೆಮ್ಮದಿ ಎಂದೆಲ್ಲ ಹೇಳಿ ನಾನು ಕರೆಸಿಕೊಂಡ ಜಡ್ಜ್ ಸಾಹೇಬರು ಮಂಡಿಯೂರಿ ಪೊದೆಯೊಳಗೆ ತಲೆ ತೂರಿಸಿದ್ದರು. ಬೇಡಿ ಸಾರ್ ಎಂದರೆ ಕೇಳಬೇಕಲ್ಲ! ಜೀವಮಾನದಲ್ಲಿ ಇಷ್ಟು ಮಜಾ ಬಂದಿಲ್ಲ ಸುಮ್ನಿರಮ್ಮ ಎಂದು ನನಗೇ ಗದರಿದರು. ಯಜಮಾನರು ಹಳ್ಳದುದ್ದಕ್ಕೂ ಕಲ್ಲಿನಿಂದ ಕಲ್ಲಿಗೆ ಜಿಗಿದರು. ನಾನು ಸೀರೆ ಎತ್ತಿಕಟ್ಟಿ ಗುಡ್ಡ ಹತ್ತಿದೆ. ಒಬ್ಬರು "ಇಲ್ಲಿದೇ!" ಎಂದರೆ ಉಳಿದವರೆಲ್ಲ ಎದ್ದೂ ಬಿದ್ದೂ ಅತ್ತ ಓಡುವುದು, ಡಾಕ್ಟ್ರಮ್ಮ ಬಗ್ಗಿ ನೋಡಿ ಮೊಲದ್ದು ಎನ್ನುವುದು. ಮತ್ತೊಂದು ಕೂಗು, ಮತ್ತೊಂದು ಓಟ, ಮುಳ್ಳುಹಂದಿಯದು. ಪ್ರತಿ ಸಲವೂ ಜಡ್ಜ್ ಸಾಹೇಬರು "ಅರ್ಜಿ ವಜಾ" ಎಂದು ತೀರ್ಪು ಕೊಡುವರು. ನಗು ಬರುತ್ತಿತ್ತು. ಆದರೂ ಈಗ ಸಿಕ್ಕೀತು, ಇದೋ ಇಲ್ಲೇ ಸಿಕ್ಕೀತು ಎಂದು ಕಾಲು ತಾನಾಗಿ ಓಡುತ್ತಿತ್ತು.

ಸಿಗಲಿಲ್ಲ. ಬಿಸಿಲು ಓರೆಯಾಗುವಾಗ ಮೈತುಂಬ ಗೀರು ಮಾಡಿಕೊಂಡು ಜಗಲಿಗೆ ಬಂದು ಕುಸಿದೆವು.

"ಕಂಬಗಳನ್ನ ದೋಣೀಲಿ ಸಾಗಿಸಬಹುದು. ಬಾಗಿಲುಗಳೂ ಹೋಗತ್ವೆ," ಎಂದು ಯಜಮಾನರು ತಮ್ಮಷ್ಟಕ್ಕೆ ಹೇಳಿಕೊಂಡರು. ನನಗೆ ಎಲ್ಲಿತ್ತೋ ಸಿಟ್ಟು.

"ಬಾಯ್ಮುಚ್ರೀ! ಒಂದು ಕಂಬ ಮುಟ್ಟಿ ನೋಡೋಣ!"

ಅತ್ತೆ ಹೊಸಿಲ ಮೇಲೆ ಮಂಕಾಗಿ ಕೂತಿದ್ದರು. ಬೆಳಗಿನಿಂದ ಅನ್ನ ಮುಟ್ಟಿರಲಿಲ್ಲ. "ಬೈದುಬಿಡೇ ನನ್ನ," ಎಂದರು. ಬೈಯುವುದು ಹೇಗೆ? ಈ ಮನೆಯ ಮಣ್ಣು ತುಳಿದು ಹದ ಮಾಡಿದ್ದೇ ಆ ಮೊಣಕಾಲುಗಳು. ಕಾಡಿಗೆ ನಮ್ಮಿಂದ ತೊಂದರೆಯಾಗಬಾರದು ಎಂದು ಬದುಕಿಡೀ ಒದ್ದಾಡಿದವರಿಗೆ, ನೀವೇ ಬೆಕ್ಕನ್ನು ಓಡಿಸಿದಿರಿ, ಎದ್ದು ಹೋಗಿ ಎಂದರೆ ಹೇಗಾಗಬೇಡ?

ಡಾಕ್ಟ್ರಮ್ಮ ಮಾತ್ರ ಸೋಲೊಪ್ಪಿರಲಿಲ್ಲ. ಬೆರಳು ಮಡಚುತ್ತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. "ಅದಕ್ಕೆ ಎತ್ತರ ಬೇಕು. ಬಿಸಿಲು ಬೇಕು. ಜನ ಹೆಜ್ಜೆ ಇಡಬಾರದು. ಹತ್ತಿರದಲ್ಲಿ ನೀವ್ಯಾರೂ ಕಾಲಿಡದೇ ಇರೋ ಜಾಗ ಯಾವುದಮ್ಮ?"

"ಅಂಥ ಜಾಗ ಎಲ್ಲಿದೆ?" ಎಂದೆ. "ಮೂಲೆ ಮೂಲೆನೂ ಗುಡಿಸ್ತೀವಿ."

"ಯಾಕಿಲ್ಲ?" ಎಂದು ಅತ್ತೆ ಸಿಡುಕಿದರು. "ಚಾವಣಿ ಮೇಲೆ ಯಾರನ್ನಾದ್ರೂ ಹತ್ತಕ್ಕೆ ಬಿಟ್ಟಿದೀನಾ ನಾನು?"

ಡಾಕ್ಟ್ರಮ್ಮ ಧಡಕ್ಕನೆ ಎದ್ದು ನಿಂತರು. ಮನೆ ತಂಪಾಗಿರಲೆಂದು ಚಾವಣಿಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದ್ದೆವು. ತುಳಿದರೆ ಬೇರು ಸಾಯುತ್ತದೆ, ಮಳೆಗಾಲದಲ್ಲಿ ಸೋರುತ್ತದೆ ಎಂದು ಅತ್ತೆ ಏಣಿಯನ್ನೇ ಬಚ್ಚಿಟ್ಟಿದ್ದರು. ಅಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಕಾಡೆಲ್ಲ ಜಾಲಾಡಿದ ನಾವು ತಲೆ ಎತ್ತಿ ಒಂದು ಸಲವೂ ಮೇಲೆ ನೋಡಿರಲಿಲ್ಲ!

ಏಣಿ ಬಂತು. ಜಡ್ಜ್ ಸಾಹೇಬರು ಒಂದು ಕಡೆ, ಯಜಮಾನರು ಒಂದು ಕಡೆ ಹಿಡಿದರು. ಡಾಕ್ಟ್ರಮ್ಮ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಮುಂದೆ, ನಾನು ಅವರ ಹಿಂದೆಯೇ. ಏಣಿ ಕಿರಗುಟ್ಟಿತು. ಮೇಲಿನ ಮೆಟ್ಟಿಲಲ್ಲಿ ಅವರು ತಟ್ಟನೆ ನಿಂತುಬಿಟ್ಟರು. ಅವರ ಪಕ್ಕದಿಂದ ನಾನೂ ಕತ್ತು ತೂರಿಸಿದೆ.

ಹೊಗೆಗೂಡಿನ ಬುಡದಲ್ಲಿ ಹಿಕ್ಕೆ. ಒಣಗಿ ಬೆಳ್ಳಗಾದದ್ದು, ಅರ್ಧ ಒಣಗಿದ್ದು, ಇವತ್ತಿನದು! ರಾಶಿ ರಾಶಿ! ಡಾಕ್ಟ್ರಮ್ಮ ನನ್ನ ತೋಳು ಹಿಡಿದು ಹಿಸುಕಿ, ಆಚೆ ನೋಡು ಎಂದು ಕಣ್ಣಲ್ಲೇ ತೋರಿಸಿದರು. ನಾವು ಮಲಗುವ ಕೋಣೆಯ ಸರಿ ಮೇಲೆ ಹುಲ್ಲು ಗುಂಡಗೆ ಒತ್ತಿಕೊಂಡು ಒಂದು ಗೂಡಿನಂತಾಗಿತ್ತು. ಅದರಲ್ಲಿ ಸುರುಳಿ ಸುತ್ತಿ ಮಲಗಿತ್ತು ಕಂದು ಮೈ, ಬೂದಿ ಬಾಲ. ಹೊಟ್ಟೆಗೆ ಎರಡು ಪುಟ್ಟ ಮರಿಗಳು ಅಂಟಿಕೊಂಡಿದ್ದವು.

ಕಿರುಚಬೇಕು ಅನ್ನಿಸಿತು. ಸೆರಗು ಬಾಯಿಗೆ ತುರುಕಿಕೊಂಡೆ.

ಕ್ಯಾಮೆರಾ ಕ್ಲಿಕ್ ಎಂದಿತು. ಅಷ್ಟಕ್ಕೇ ಅದು ಚಂಗನೆ ಎದ್ದು ಕೂತು, ಮೈಯೆಲ್ಲ ಬಿಗಿದು, ಕಿವಿ ನಿಮಿರಿಸಿತು. ಇನ್ನೇನು ಹಾರುತ್ತದೆ ಅಂದುಕೊಂಡೆ. ಸರಿಯಾಗಿ ಆಗಲೇ ಕೆಳಗಿನಿಂದ ಅತ್ತೆಯ ಗುಡುಗು:

"ಏನೇ ಅದು ಅಷ್ಟೊತ್ತು? ಹುಲ್ಲು ತುಳಿದ್ರೆ ನೋಡು ಮತ್ತೆ, ಕಾಲು ಮುರೀತೀನಿ!"

ಮುಗಿಯಿತು ಎಂದು ಕಣ್ಣು ಮುಚ್ಚಿದೆ. ತೆರೆದಾಗ ಬೂದಿಬಾಲ ಆಕಳಿಸುತ್ತಿತ್ತು. ಅತ್ತೆ ಕೂಗುತ್ತಲೇ ಇದ್ದರು, ಅದು ಮರಿಯ ನೆತ್ತಿ ನೆಕ್ಕಿ ನಿಧಾನವಾಗಿ ತಲೆ ಕೆಳಗಿಟ್ಟಿತು.

ಡಾಕ್ಟ್ರಮ್ಮ ನನ್ನ ಕಿವಿಯ ಹತ್ತಿರ ಬಾಗಿದರು. ಅವರ ಕಣ್ಣಲ್ಲಿ ನೀರಿತ್ತು. "ನಿಮ್ಮತ್ತೆ ದನಿ ಅದಕ್ಕೆ ಗೊತ್ತಮ್ಮ. ದಿನಾ ಕೇಳ್ತಾನೇ ಮಲಗತ್ತೆ. ನೀವು ಓಡಿಸಿಲ್ಲ ಅದನ್ನ. ನಾನೇ ತಪ್ಪು ತಿಳ್ಕೊಂಡಿದ್ದೆ. ನಿಮ್ಮನೇನೂ ಕಾಡೇ ಅಂದ್ಕೊಂಡಿದೆ ಅದು."

ನಾನು ಅತ್ತುಬಿಟ್ಟೆ. ಬಿಕ್ಕುವ ಸದ್ದು ಬರದ ಹಾಗೆ ಅಳುವುದು ಎಷ್ಟು ಕಷ್ಟ ಎಂದು ಅವತ್ತೇ ತಿಳಿದದ್ದು.

ಪಿಸುಮಾತು ಏಣಿಯುದ್ದಕ್ಕೂ ಕೆಳಗಿಳಿಯಿತು. ನಾನು ಯಜಮಾನರಿಗೆ, ಅವರು ಜಡ್ಜ್ ಸಾಹೇಬರಿಗೆ, ಸಾಹೇಬರು ಅತ್ತೆಗೆ. ಅತ್ತೆ ಎರಡೂ ಕೈ ಬಾಯಿಗೆ ಒತ್ತಿಕೊಂಡರು. ಈ ಮನೆಗೆ ಬಂದ ಮೇಲೆ ಮೊದಲ ಸಲ ಅವರು ಪೂರ್ತಿ ಸುಮ್ಮನಾದದ್ದನ್ನು ಕಂಡೆ. ತಾಯಿ ಬೆಕ್ಕು ತಟ್ಟನೆ ತಲೆಯೆತ್ತಿತು. ಕೆಳಗೆ ಏನಾಯಿತೆಂದು ಆಲಿಸುತ್ತ ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ಎತ್ತಿಕೊಂಡಿತು.

"ಅಯ್ಯೋ, ಸುಮ್ನಾಗಬೇಡಿ ಅನ್ನಿ!" ಡಾಕ್ಟ್ರಮ್ಮ ಒದ್ದಾಡಿದರು. "ದಿನಾ ಬೈಯೋ ಹಾಗೇ ಬೈಯಕ್ಕೆ ಹೇಳಿ, ಬೇಗ!"

ಮಾತು ಕೆಳಗೆ ಹೋಯಿತು. ಅತ್ತೆ ಪೆಚ್ಚಾಗಿ ಮಗನನ್ನು ನೋಡಿದರು, ಜಡ್ಜ್ ಸಾಹೇಬರನ್ನು ನೋಡಿದರು, ಕೊನೆಗೆ ನನ್ನತ್ತ ಮುಖ ಎತ್ತಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಏನೇ ನೋಡ್ತಿದೀಯ, ದಂಡಪಿಂಡ!" ಎಂದು ಶುರು ಮಾಡಿದರು. "ಬೆಳಿಗ್ಗೆಯಿಂದ ಕಸ ಗುಡಿಸಿಲ್ಲ, ಪಾತ್ರೆ ತೊಳೆದಿಲ್ಲ, ಏಣಿ ಹತ್ಕೊಂಡು ಕೂತಿದಾಳೆ ಕೋತಿ ಥರ! ನಿಮ್ಮಮ್ಮ ಏನು ಕಲಿಸಿದ್ಲೇ ನಿಂಗೆ?"

ಬೂದಿಬಾಲ ಕಚ್ಚಿದ ಮರಿಯನ್ನು ಮೆಲ್ಲಗೆ ಹುಲ್ಲಿನ ಮೇಲಿಳಿಸಿತು. ನಾನು ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದರಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೂ ಜೋರಾಗಿ ಬೈಯಿರಿ ಎಂದು ಅತ್ತೆಗೆ ಸನ್ನೆ ಮಾಡಿದೆ.